ತಂಬೂರಿಗೆ ಒಂದು ಜೋಡಿ ಸ್ಪೀಕರ್

ನನ್ನ ಹೆಂಡತಿ ಕುಂದಾ ಖಾನಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದಳು. ನಾನು ಹಿಟ್ಟಿನ ಗಿರಣಿ ನಡೆಸಿದವನು, ಸಂಗೀತ ತಿಳಿಯದು. ಆದರೆ ಸಂಜೆ ಗಿರಣಿ ನಿಲ್ಲಿಸಿ ಬಂದು, ಕಟ್ಟೆಯ ಮೇಲೆ ಕೂತು ಅವಳ ತಂಬೂರಿ ಕೇಳುತ್ತಲೇ ಇಷ್ಟು ವರ್ಷ ಕಳೆದೆ.

ತಂಬೂರಿಯ ತಂತಿಗಳು ಕುದುರೆ ಎಂಬ ಸಣ್ಣ ಪಟ್ಟಿಯ ಮೇಲೆ ಹಾದು ಹೋಗುತ್ತವೆ. ತಂತಿಗೂ ಕುದುರೆಗೂ ನಡುವೆ ಹತ್ತಿಯ ಎಳೆ ಇಡುತ್ತಾರೆ. ಅದನ್ನು ಆಚೆ ಈಚೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಂತಿ ಜೇನುಹುಳದ ಹಾಗೆ ಝೇಂಕರಿಸುತ್ತದೆ. ಅದಕ್ಕೆ ಜವಾರಿ ಎನ್ನುತ್ತಾರೆ. ಜವಾರಿ ತೆರೆಯದೆ ಕುಂದಾ ಪಾಠ ಶುರು ಮಾಡುತ್ತಿರಲಿಲ್ಲ.

ಹೋದ ವರ್ಷ ಅವಳು ತಂಬೂರಿಯ ಜವಾರಿ ಹೋಗಿದೆ ಎಂದಳು. ನನಗೆ ಕೇಳಿಸುತ್ತದಲ್ಲ ಎಂದರೆ, ಗಿರಣಿ ಕಿವಿಗೆ ಜವಾರಿ ಏನು ತಿಳೀತದ ಎಂದು ನಕ್ಕಳು. ನಾನೂ ನಕ್ಕೆ. ಖರೇ ಅನಿಸಿತು. ತಂಬೂರಿಯನ್ನು ಮಿರಜಿಗೆ ಒಯ್ದೆವು. ಕಾರೀಗರ ಕುದುರೆಯನ್ನು ಅರದಿಂದ ಉಜ್ಜಿ ಕೊಟ್ಟ. ಮನೆಗೆ ಬಂದು ಮೀಟಿ ನೋಡಿ, ಇನ್ನೂ ಇಲ್ಲ ಎಂದಳು. ಮತ್ತೆ ಒಯ್ದೆವು, ಮತ್ತೆ ಉಜ್ಜಿಸಿದೆವು. ಇನ್ನು ಉಜ್ಜಿದರೆ ಕುದುರೆ ಉಳಿಯುವುದಿಲ್ಲ ಎಂದು ಅವನು ಕೈಮುಗಿದರೂ ಅವಳು ಬಿಡಲಿಲ್ಲ. ಜಿಂಕೆ ಕೋಡಿನ ಹಳೆಯ ಕುದುರೆ ಅದು, ಈಗ ಅಂಥದ್ದು ಸಿಗುವುದಿಲ್ಲ. ಕಡೆಗೆ ತಂತಿಯ ದನಿ ಒಣ ಕಟ್ಟಿಗೆಯಾಯಿತು. ಅದು ನನಗೂ ಗೊತ್ತಾಯಿತು.

ವರದಾ ಅವಳ ಹಳೆಯ ಶಿಷ್ಯೆ, ಬೆಳಗಾವಿಯಲ್ಲಿ ಶಾಲೆಯ ಮಾಸ್ತರಿಣಿ. ಈಗ ಮೊಬೈಲಿನಲ್ಲೇ ತಂಬೂರಿ ಬರುತ್ತದೆ, ಕಪಾಟಿನಲ್ಲಿ ಇಡುವಂಥ ಸಣ್ಣ ಸ್ಪೀಕರ್ ಜೋಡಿ ತಂದರೆ ಕೋಣೆ ತುಂಬುತ್ತದೆ, ತುಟ್ಟಿಯದು ಬೇಕಿಲ್ಲ ಎಂದು ಹೇಳಿ ನಮ್ಮನ್ನು ಖಡೇಬಜಾರದ ಒಂದು ಅಂಗಡಿಗೆ ಕರೆದೊಯ್ದಳು.

ಅಂಗಡಿಯ ಸುಯೋಗ ಅಗ್ಗದ ಜೋಡಿಯಿಂದ ಶುರು ಮಾಡಿದ. ಸಣ್ಣ ಕೋಣೆಗೆ ಸಣ್ಣದೇ ಸಾಕು, ಗೋಡೆಗೆ ಹತ್ತಿಸಿ ಇಡಬೇಡಿ, ದನಿ ಗುಂಯ್ ಎನ್ನುತ್ತದೆ, ಕೂತವರ ಕಿವಿಯ ಮಟ್ಟಕ್ಕೆ ಇಡಿ ಎಂದು ತಿಳಿಸಿ ಹೇಳಿದ. ವರದಾ ಮೊಬೈಲಿನಲ್ಲಿ ತಂಬೂರಿ ಹಚ್ಚಿದಳು. ನನ್ನ ಮೈ ಝುಮ್ಮೆಂದಿತು. ನಮ್ಮ ತಂಬೂರಿ ಚೆನ್ನಾಗಿದ್ದಾಗ ಹೀಗೇ ಇತ್ತು.

ಕುಂದಾ ತಲೆ ಅಲ್ಲಾಡಿಸಿದಳು. ಜವಾರಿ ಇಲ್ಲ.

ಸುಯೋಗ ಇನ್ನೊಂದು ಜೋಡಿ ಹಚ್ಚಿದ. ಅದರಲ್ಲೂ ಇಲ್ಲ. ನಮ್ಮ ಕೈಗೆ ನಿಲುಕದ ದೊಡ್ಡ ಜೋಡಿಯನ್ನೂ, ಸುಮ್ಮನೆ ಕೇಳಿ ನೋಡಲಿ ಎಂದು ಹಚ್ಚಿದ. ಅದೂ ಆಗಲಿಲ್ಲ.

"ಕಾಕೂ, ನೀವು ಸ್ಪೀಕರ್ ನೋಡಾಕ ಬಂದಿಲ್ಲ, ಸೊಸಿ ನೋಡಾಕ ಬಂದೀರಿ" ಎಂದ.

"ಸೊಸಿ ಆಗಿದ್ರ ಇಷ್ಟೊತ್ತಿಗೆ ಒಪ್ಪಿರ್ತಿದ್ದೆಪಾ. ಸೊಸಿ ತಪ್ಪಿದ್ರ ಬೈಬಹುದು. ಇದಕ್ಕ ಯಾರನ್ನ ಬೈಲಿ?"

ಎಲ್ಲರೂ ನಕ್ಕರು. ನಗುತ್ತಲೇ ಸುಯೋಗ ಸಣ್ಣ ಜೋಡಿಗೇ ಮರಳಿ, ಚೂಪು ದನಿ ಏರಿಸುವ ಗುಂಡಿಯನ್ನು ಕೊನೆಯ ತನಕ ತಿರುವಿದ. ಗಿರಣಿಯ ಕಲ್ಲಿಗೆ ಉಳಿ ಹಾಕಿದ ಹಾಗೆ ತಂಬೂರಿ ಕರಕರ ಎಂದಿತು. ವರದಾ ಎರಡೂ ಕಿವಿ ಮುಚ್ಚಿಕೊಂಡಳು.

ಕುಂದಾಳ ಮುಖ ಅರಳಿತು. "ಈಗ ತೆರೀತ ನೋಡ್ರಿ" ಎಂದು ವರದಾಳ ಕಡೆ ತಿರುಗಿದಳು.

ವರದಾ ಕೈ ಇಳಿಸಿದಳು. ಆದರೆ ಅಷ್ಟರಲ್ಲಿ ಕುಂದಾ ನೋಡಿಬಿಟ್ಟಿದ್ದಳು. ಸುಯೋಗ ಗುಂಡಿ ಮುಟ್ಟದೆ ನಿಂತಿದ್ದ. ಅವಳು ನನ್ನ ಕಡೆ ನೋಡಿ, "ಮೊದಲ ಹಚ್ಚಿದ್ರಲ್ಲ, ಅದರಾಗ ನಿಮಗ ಜವಾರಿ ಕೇಳಿಸಿತ್ತೇನ್ರಿ?" ಎಂದು ಕೇಳಿದಳು.

ಸುಳ್ಳು ಹೇಳಲು ಬಾಯಿ ಏಳಲಿಲ್ಲ. ಕೇಳಿಸಿತ್ತು ಎಂದೆ.

"ನಮ್ಮ ತಂಬೂರಿ? ತಿಕ್ಕಿಸೂ ಮೊದಲ?"

"ಅದೂ."

ಅವಳು ಸುಯೋಗನಿಗೆ ಗುಂಡಿಯನ್ನು ಮೊದಲಿದ್ದ ಕಡೆ ತಿರುವಲು ಹೇಳಿದಳು. ಸಾಕೇನು ಎಂದು ವರದಾಳನ್ನು ಕೇಳಿ, ಅವಳು ಸಾಕೆಂದ ಮೇಲೆ ಅದೇ ಜೋಡಿಯನ್ನು ಕಟ್ಟಿಸಿಕೊಂಡಳು.

ಬಸ್ಸಿಗೆ ಕಾಯುವಾಗ ವರದಾ, ಕಿವಿಯ ಡಾಕ್ಟರರ ಹತ್ತಿರ ಹೋಗೋಣ, ಈಗ ಸಣ್ಣ ಸಣ್ಣ ಮಷೀನು ಬಂದಿವೆ, ಪಾಠ ಮಾತ್ರ ಬಿಡಬೇಡಿ ಅಕ್ಕೋರೆ, ನಿಮ್ಮ ಗಂಟಲು ಇನ್ನೂ ಶ್ರುತಿಯಲ್ಲೇ ಇದೆ ಎಂದು ಬಗೆಬಗೆಯಾಗಿ ಹೇಳಿದಳು. ಕುಂದಾ ಎಲ್ಲ ಕೇಳಿಸಿಕೊಂಡಳು.

"ನನ್ನ ಗಂಟಲ ನೆನಪಿನ ಮ್ಯಾಲ ಹಾಡ್ತದವಾ. ಕಲಿಸೂದು ಕಿವಿ. ಜೀವಂತ ತಂಬೂರಿ ತಿಕ್ಕಿಸಿ ಕೊಂದ ಕಿವಿ ಇದು. ಹುಡುಗ್ಯಾರ ಗಂಟಲಕ್ಕ ಇದನ್ನ ಹಚ್ಚೂದು ಬ್ಯಾಡ."

ಡಾಕ್ಟರರ ಹತ್ತಿರ ಆಮೇಲೆ ಹೋದೆವು. ಮಷೀನು ಹಾಕಿಕೊಂಡರೆ ಮಾತು ಸ್ವಚ್ಛ ಕೇಳಿಸುತ್ತದಂತೆ, ತಂಬೂರಿ ಮಾತ್ರ ತಗಡು ಬಡಿದ ಹಾಗೆ. ಪಾಠದ ಹೊತ್ತಿಗೆ ಅದನ್ನು ತೆಗೆದು ಡಬ್ಬಿಯಲ್ಲಿಡುತ್ತಾಳೆ.

ಈಗ ವಾರದ ಕೊನೆಗೆ ವರದಾ ಬಂದು ಪಾಠ ಮಾಡುತ್ತಾಳೆ. ಕುಂದಾ ಅಡುಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂರುತ್ತಾಳೆ, ಮುಂದಿನ ಕೋಣೆಗೆ ಬರುವುದಿಲ್ಲ. ಹುಡುಗಿಯರು ಹೋದ ಮೇಲೆ ನನ್ನನ್ನು ಕರೆಯುತ್ತಾಳೆ. ಗುಂಜಿ ಊರಿಂದ ಬರುವ ಪೂರ್ಣಿಮಾಳ ಮೇಲೆ ಅವಳ ಜೀವ. ಮೊನ್ನೆಯೂ, ಪೂರ್ಣಿಮಾ ಹೇಗೆ ಹಾಡಿದಳು ಎಂದು ಕೇಳಿದಳು. ಛಲೋ ಹಾಡಿದಳು ಎಂದೆ.

"ಛಲೋ ಅಂದ್ರ ಏನ್ರಿ? ನಿಷಾದ ಹತ್ತಿತ್ತೋ, ಕೆಳಗ ಕುಂತಿತ್ತೋ?"

ನಿಷಾದ ಎಂಬ ಸ್ವರ ಯಾವುದೆಂದು ನನಗೆ ಗೊತ್ತಿಲ್ಲ. ವರದಾ ಒಂದು ಜಾಗದಲ್ಲಿ ಅವಳನ್ನು ನಿಲ್ಲಿಸಿ ಮತ್ತೆ ಮತ್ತೆ ಹಾಡಿಸಿದಳು ಎಂದಷ್ಟೇ ಹೇಳಿದೆ. ಕುಂದಾ ಸೊಪ್ಪಿನ ಪುಟ್ಟಿ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮೆಲ್ಲಗೆ ಒಂದು ದನಿ ತೆಗೆದಳು. "ಹಿಂಗಿತ್ತೇನು?" ಎಂದಳು. ಮತ್ತೊಂದು ದನಿ ತೆಗೆದು, "ಇಲ್ಲಾ ಹಿಂಗ?" ಎಂದು ನನ್ನ ಮುಖವನ್ನೇ ನೋಡುತ್ತ ಕೂತಳು.

ಎರಡೂ ನನಗೆ ಒಂದೇ ಆಗಿ ಕೇಳಿಸಿದವು.