ಕಪ್ಪು ಹಗ್ಗ, ಬೋಳು ಹಗ್ಗ

ಒಂದಾನೊಂದು ಕಡಲಲ್ಲಿ ಒಂದು ಕೂವೆಮರ ಇತ್ತಂತೆ. ಹಡಗಿನ ನಡುವೆ ನಿಂತು ಹಾಯಿ ಹೊರುವ ಕಂಬ ತಾನು, ತನ್ನ ಸಮ ಯಾರೂ ಇಲ್ಲ ಅಂತ ಬೀಗುತ್ತಿತ್ತಂತೆ. ಅದರ ಮುಂದೊಬ್ಬಳು ಅಕ್ಕ, ಹಿಂದೊಬ್ಬಳು ಅಕ್ಕ, ಎಡಕ್ಕೆ ಮೂವರು ತಂಗಿಯರು, ಬಲಕ್ಕೆ ಮೂವರು. ಎಂಟೂ ಜನ ಕರ್ರಗೆ, ತುಟಿಪಿಟಕ್ಕೆನ್ನದೆ ಅದನ್ನು ಬೀಳದಂತೆ ಹಿಡಿದುಕೊಂಡೇ ಇರುತ್ತಿದ್ದರಂತೆ. ಜೊತೆಗೆ ಮೂವರು ಬೆಳ್ಳಗಿನ ಸೊಸೆಯರು. ಒಬ್ಬಳು ಹಾಯಿಯನ್ನು ಮೇಲೇರಿಸುವವಳು, ಇನ್ನಿಬ್ಬರು ಅದರ ಕೆಳಮೂಲೆಗಳನ್ನು ಗಾಳಿ ನೋಡಿಕೊಂಡು ಎಳೆಯುವವರು, ಬಿಡುವವರು. ಅವರಿಗೆ ಒಂದು ಗಳಿಗೆ ಪುರುಸೊತ್ತಿಲ್ಲ.

ಅಜ್ಜಿ ಈ ಕತೆ ಹೇಳುವಾಗ ಹನ್ನೊಂದು ಜನರ ಮುಖವೂ ನನಗೆ ಕಾಣುತ್ತಿತ್ತು. ಒಬ್ಬಳಿಗೆ ಕೋರೆಹಲ್ಲು ಇತ್ತು. ಅವರೆಲ್ಲ ಹಗ್ಗಗಳು ಅಂತ ತಿಳಿದದ್ದು ಎಷ್ಟೋ ಆಮೇಲೆ.

ಅಜ್ಜಿ ನಲವತ್ತು ವರ್ಷ ಬಂದರಿನಲ್ಲಿ ಹಗ್ಗ ಹೊಸೆದವಳು. ಕಂಬ ನಿಲ್ಲಿಸುವ ಹಗ್ಗಕ್ಕೆ ಡಾಂಬರು. ಓಡಾಡುವ ಹಗ್ಗ ಬೋಳು, ಕಪ್ಪಿಯ ರಾಟೆಯಲ್ಲಿ ಜಾರಬೇಕಲ್ಲ. "ಬಿರುಗಾಳೀಲಿ ಕಣ್ಣು ಕಾಣಲ್ಲ ಮಗಳೇ. ಹಗ್ಗ ಕೈಗೆ ಅಂಟಿದ್ರೆ ಬಿಚ್ಚಬಾರ್ದು, ಜಾರಿದ್ರೆ ಎಳೀಬಹುದು. ಅಷ್ಟರಿಂದಾನೇ ಎಷ್ಟೋ ಜನ ಬದುಕಿ ಬಂದಿದಾರೆ," ಅನ್ನುತ್ತಿದ್ದಳು.

ನಾನು ವಸ್ತುಸಂಗ್ರಹಾಲಯದಲ್ಲಿ ಚೀಟಿ ಬರೆಯುವವಳು. ಅಲ್ಲಿ ಕಟ್ಟೆಯ ಮೇಲಿರುವ ಆಳೆತ್ತರದ ಹಾಯಿಹಡಗಿನ ಮಾದರಿಗೆ ಹಗ್ಗ ಕಟ್ಟಿದವಳು ಅಜ್ಜಿಯೇ. ಶುಕ್ರವಾರ ಹೊಸ ಕೋಣೆಯ ಉದ್ಘಾಟನೆಗೆ ಅವಳು ಬರುವವಳಿದ್ದಳು. ಈಗವಳಿಗೆ ಕಣ್ಣು ಮಂಜು, ಹಡಗನ್ನು ಕೈಯಲ್ಲೇ ನೋಡಬೇಕು.

ಎರಡು ದಿನ ರಜೆ ಮುಗಿಸಿ ಸೋಮವಾರ ಬಂದು ನೋಡುತ್ತೇನೆ, ಹನ್ನೊಂದು ಹಗ್ಗಕ್ಕೂ ಬಿಳಿ ಬಣ್ಣ ಬಳಿದಿದ್ದಾರೆ. ನಮ್ಮ ಮೇಲ್ವಿಚಾರಕರ ಕೆಲಸ. ಕಂಡದ್ದಕ್ಕೆಲ್ಲ ಬಿಳಿ ಹೊಡೆಸುವ ಅವರನ್ನು ನಾವು ಬೆನ್ನ ಹಿಂದೆ ಸುಣ್ಣಪ್ಪ ಅನ್ನುತ್ತೇವೆ.

"ಕೊಳೆ ಹಿಡಿದ ಹಾಗೆ ಕಾಣ್ತಿತ್ತಮ್ಮ. ಈಗ ನೋಡು, ಮದುಮಗಳ ಹಾಗಿದೆ," ಅಂದರು.

"ಅದು ಕೊಳೆ ಅಲ್ಲ ಸಾರ್, ಡಾಂಬರು. ಯಾವುದು ನಿಲ್ಲಿಸೋ ಹಗ್ಗ, ಯಾವುದು ಓಡೋ ಹಗ್ಗ ಅಂತ ಗೊತ್ತಾಗೋದೇ ಅದರಿಂದ."

"ನೋಡೋರಿಗೆ ಹಗ್ಗ ಅಂದ್ರೆ ಹಗ್ಗ. ಹಗ್ಗಕ್ಕೊಂದರ ಹಾಗೆ ಹನ್ನೊಂದು ಚೀಟಿ ಯಾರು ಓದ್ತಾರೆ? ಒಂದೇ ಬರಿ. ಅಲಂಕಾರದ ಹಗ್ಗಗಳು ಅಂತ."

ಅಲಂಕಾರವಂತೆ. ಅಜ್ಜಿಯ ಬೆರಳ ಸಂದಿನ ಬಿರುಕುಗಳು ಇಂದಿಗೂ ಕೂಡಿಕೊಂಡಿಲ್ಲ. ಆ ಬಿರುಕುಗಳಿಗೆ ಈ ಮನುಷ್ಯ ಅಲಂಕಾರ ಅಂತ ಹೆಸರಿಡುತ್ತಾನೆ. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಹೇಳಿದಾಗ ಅಜ್ಜಿ ತಟ್ಟೆ ಪಕ್ಕಕ್ಕೆ ತಳ್ಳಿದಳು. "ಬಿಳಿ ಬಳಿಯೋಕೆ ಅದೇನು ಗೋಡೇನಾ?"

"ಶುಕ್ರವಾರ ನೀನು ಬರೋ ಹೊತ್ತಿಗೆ ಹನ್ನೊಂದೂ ಮೊದಲಿನ ಹಾಗೇ ಇರುತ್ತೆ ಅಜ್ಜಿ. ನಾನಿದೀನಿ," ಅಂದೆ.

ಅವಳು ತನ್ನ ಪೆಟ್ಟಿಗೆಯಿಂದ ಹಳೆಯ ಹುರಿ ತೆಗೆದುಕೊಟ್ಟಳು, ಎಂಟು ಕಪ್ಪು, ಮೂರು ಬೋಳು. "ಎಲ್ಲಾ ಒಟ್ಟಿಗೆ ಬಿಚ್ಚಿದ್ಯೋ, ಕೂವೆಮರ ನಿನ್ನ ತಲೆ ಮೇಲೇ ಬೀಳುತ್ತೆ. ಒಂದು ಬಿಚ್ಚು, ಒಂದು ಕಟ್ಟು."

ಮಂಗಳವಾರದಿಂದ ಊಟದ ಬಿಡುವಿನಲ್ಲಿ ಏಣಿ ಹತ್ತಿದೆ. ಗುರುವಾರ ಎಂಟನೆಯ ಕಪ್ಪು ಹಗ್ಗ ಬಿಗಿಯುತ್ತಿದ್ದಾಗ ಸುಣ್ಣಪ್ಪ ಬಂದರು.

"ಯಾರನ್ನ ಕೇಳಿ ಇದೆಲ್ಲ?"

"ಕಟ್ಟಿದವರನ್ನ ಕೇಳಿ ಸಾರ್."

"ಇಳಿ ಕೆಳಗೆ."

ಇಳಿದೆ. ಅವರು ಬಳಿಸಿದ ಏರುಹಗ್ಗದ ತುದಿಯನ್ನು ಅವರ ಕೈಗೇ ಕೊಟ್ಟೆ. "ಎಳೀರಿ. ಹಾಯಿ ಏರಿದ್ರೆ ನಾನು ಇಲ್ಲಿಗೇ ಬಿಡ್ತೀನಿ."

ಎಳೆದರು. ಬಣ್ಣ ಒಣಗಿ ಹಗ್ಗ ಕಪ್ಪಿಗೆ ಕಚ್ಚಿಕೊಂಡಿತ್ತು. ಇನ್ನೂ ಜೋರಾಗಿ ಎಳೆದರು. ಹಾಯಿ ಅಲುಗಲಿಲ್ಲ, ಕೂವೆಮರ ಕಿರುಗುಟ್ಟಿತು. ಅವರು ತಟ್ಟನೆ ಬಿಟ್ಟು, ಅಂಗೈಗೆ ಹತ್ತಿದ ಬಿಳಿ ಪುಡಿ ನೋಡಿಕೊಂಡರು.

"ಇದು ಹೀಗಂತ ಮೊದಲೇ ಹೇಳಬಾರದಿತ್ತಾ?"

"ಸೋಮವಾರ ಹೇಳಿದ್ದೆ ಸಾರ್."

"ನಾಳೆ ಬೆಳಿಗ್ಗೆಯೊಳಗೆ ಮುಗಿಸು," ಅಂತ ಗೊಣಗುತ್ತ ಹೋದರು. ಕ್ಷಮೆಯಂತೂ ಕೇಳಲಿಲ್ಲ. ನನಗಿನ್ನೂ ಕುದಿಯುತ್ತಿತ್ತು, ಆ ಸಿಟ್ಟಿನಲ್ಲೇ ಕಪ್ಪಿಯ ಬಣ್ಣ ಕೆರೆದು ಬೋಳು ಹುರಿ ಪೋಣಿಸಿದೆ. ಸಂಜೆ ಬಾಗಿಲು ಹಾಕುವ ಮೊದಲು ಎಡಮೂಲೆಯ ಹಗ್ಗ ಮುಗಿಯಿತು, ಆಮೇಲೆ ಬಲಮೂಲೆಯದು. ಕೊನೆಯ ಗಂಟು ಬಿಗಿದು, ಹನ್ನೊಂದು ಚೀಟಿಗಳನ್ನೂ ಹಗ್ಗಗಳ ಬುಡದಲ್ಲಿ ಒಂದೊಂದಾಗಿ ಅಂಟಿಸಿ ಏಣಿ ಮಡಚಿದೆ.