ಸೋಲಾರಿನ ಮೇಲೆ ಒಣಗಿದ ಮೀನು

ಹೇಮಾಕ್ಷಿ ಉಪ್ಪು ಹಾಕಿದ ನಂಗ್ ಮೀನನ್ನು ಬುಟ್ಟಿಯಿಂದ ತೆಗೆದು ಕೊಡುತ್ತಿದ್ದರು, ನೆರೆಮನೆಯ ಗುಲಾಬಿ ಹರಡುತ್ತಿದ್ದರು. ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆ ಊರಿನಲ್ಲಿ ಬಿಸಿಲು ಬಿದ್ದ ಜಾಗವೆಲ್ಲ ಮೀನಿನದ್ದೇ. ಈ ಸಲ ಗುಲಾಬಿಗೆ ತಮ್ಮ ತಾರಸಿಯ ಮೇಲೆ ಒಳ್ಳೆಯ ಜಾಗ ಸಿಕ್ಕಿತ್ತು. ಮರಳು ಹತ್ತುವುದಿಲ್ಲ, ನಾಯಿ ಬರುವುದಿಲ್ಲ, ಮೀನಿನ ನೀರು ತಾನಾಗಿ ಇಳಿದುಹೋಗುತ್ತದೆ. ಅದು ದೀಪಾವಳಿಗೆ ಹಾಕಿಸಿದ ಸೋಲಾರ್ ಪ್ಯಾನೆಲ್.

"ಹೇಗೂ ಅದು ಹಾಳಾಗಿ ಉಂಟು," ಎಂದರು ಗುಲಾಬಿ. "ಮೀನಾದರೂ ಒಣಗಲಿ."

ಹೇಮಾಕ್ಷಿ ಇನ್ನೊಂದು ಮೀನು ತೆಗೆದು ಕೊಟ್ಟರು. ಅವರ ಮನೆಯ ಅಕ್ಕಿ ಡಬ್ಬದಲ್ಲಿ ಒಂದು ಪತ್ರವಿತ್ತು. ತಮ್ಮ ಮನೆಗೂ ಬ್ಯಾಟರಿ ಇರುವ ಸೋಲಾರ್ ಹಾಕಲು ಅನುಮತಿ ಕೇಳಿ ವಿದ್ಯುತ್ ಕಚೇರಿಗೆ ಬರೆದದ್ದು. ಗಂಡ ತುಕ್ರ ಸಹಿ ಹಾಕಿ ಐದು ತಿಂಗಳಾಗಿತ್ತು. ಮೊದಲು ಗುಲಾಬಿಯ ಮನೆಯದ್ದು ಹೇಗೆ ನಡೆಯುತ್ತದೆ ನೋಡೋಣ ಎಂದು ಕಾದರು. ಮೂರೇ ತಿಂಗಳಲ್ಲಿ ಅದು ಸೊರಗಿತು. ಪತ್ರ ಅಲ್ಲೇ ಉಳಿಯಿತು.

ತುಕ್ರರಿಗೆ ದಮ್ಮಿನ ಕಾಯಿಲೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ಗಾಳಿಗೆ ಕಂಬ ಬಿದ್ದು ಎರಡು ದಿನ ಕರೆಂಟು ಇರಲಿಲ್ಲ. ಮದ್ದಿನ ಹಬೆ ಕೊಡುವ ಮೆಷಿನ್ ನಿಂತಿತು. ಹೊಳೆ ಏರಿ ಪೇಟೆಗೆ ದಾಟಿಸುವ ಫೆರಿಯೂ ನಿಂತಿತ್ತು. ರಸ್ತೆಯಲ್ಲಿ ಸುತ್ತು ಹಾಕಿ ಕಂಕನಾಡಿಯ ಆಸ್ಪತ್ರೆ ಮುಟ್ಟುವಾಗ ಅವರ ತುಟಿ ನೀಲಿಯಾಗಿತ್ತು. ಮುಂದಿನ ಮಳೆಗೆ ಇನ್ನು ಎರಡು ತಿಂಗಳು ಮಾತ್ರ.

ಅಷ್ಟರಲ್ಲಿ ನಿರೀಕ್ಷಾ ಮೆಟ್ಟಿಲು ಹತ್ತಿ ಬಂದಳು. ಐಟಿಐ ಕಲಿತು, ಗೆಳತಿ ಲಿಡಿಯಾಳ ಜೊತೆ ಫೆರಿಯ ಹತ್ತಿರ ಸೋಲಾರ್ ಅಂಗಡಿ ಇಟ್ಟವಳು. ಗುಲಾಬಿಯ ಮನೆಯದ್ದೇ ಅವಳ ಮೊದಲ ಕೆಲಸ. ಅದು ಕೆಟ್ಟಿತೆಂಬ ಸುದ್ದಿ ಹಬ್ಬಿ, ಎರಡನೆಯ ಗಿರಾಕಿ ಬಂದೇ ಇರಲಿಲ್ಲ. ಎಂತ ಆಗಿದೆ ಎಂದು ಕಣ್ಣಾರೆ ನೋಡಲು ಬಂದಿದ್ದಳು.

ಅವಳು ಮೀನನ್ನು ನೋಡುತ್ತಾ ನಿಂತಳು. "ಗುಲಾಬಕ್ಕ, ಇದು ಯಾವಾಗಿನಿಂದ?"

"ಸಂಕ್ರಾಂತಿಯಿಂದ. ಎಂತ ಮಾರಾಯ್ತಿ, ನಿನ್ನ ಸೋಲಾರಿಗೆ ಮೀನು ಆಗುವುದಿಲ್ಲವಾ?"

"ಅದಕ್ಕೆ ಬಿಸಿಲೇ ಊಟ ಅಕ್ಕ. ನೀವು ಅದರ ಬಾಯಿ ಮುಚ್ಚಿದ್ದೀರಿ."

ಬಿಸಿ ಗಾಜಿಗೆ ತಣ್ಣೀರು ಹಾಕಬಾರದೆಂದು ಮರುದಿನ ಬೆಳಿಗ್ಗೆ ಬಂದಳು. ಸಿಹಿನೀರು, ಮೆತ್ತಗಿನ ಬಟ್ಟೆ, ಅಷ್ಟೇ. ಉಪ್ಪು, ಮೀನಿನ ಎಣ್ಣೆ ಎಲ್ಲ ಬಿಳಿಬಿಳಿಯಾಗಿ ಇಳಿಯಿತು. ಹತ್ತು ಗಂಟೆಗೆ ಮೀಟರಿನ ಅಂಕಿ ದೀಪಾವಳಿಯಲ್ಲಿ ಇದ್ದಷ್ಟೇ ಏರಿತು. ಗುಲಾಬಿ ತಲೆ ತಗ್ಗಿಸಿದರು.

"ನಿಮ್ಮದು ಮಾತ್ರ ತಪ್ಪಲ್ಲ," ಎಂದಳು ನಿರೀಕ್ಷಾ. "ಕೂರಿಸಿ ಹೋದೆ, ನೋಡಿಕೊಳ್ಳುವುದು ಹೇಗೆ ಅಂತ ಹೇಳಲೇ ಇಲ್ಲ. ಇನ್ನು ಮೂರು ತಿಂಗಳಿಗೊಮ್ಮೆ ನಾನೇ ಬರ್ತೇನೆ. ಹಾಗೆ ಬಾರದಿದ್ದರೆ ಅದು ವ್ಯಾಪಾರವೇ ಅಲ್ಲ."

ಹೇಮಾಕ್ಷಿ ಮೆಲ್ಲಗೆ ಕೇಳಿದರು: "ಮಳೆಗಾಲದಲ್ಲಿ ಬಿಸಿಲೇ ಇಲ್ಲ. ಆಗ ಎಂತ ಪ್ರಯೋಜನ?"

"ಮೋಡ ಇದ್ದರೂ ಬೆಳಕು ಉಂಟಲ್ಲ ಹೇಮಕ್ಕ. ಕರೆಂಟು ಕಡಿಮೆ ಬರ್ತದೆ, ಸುಳ್ಳು ಹೇಳುವುದಿಲ್ಲ. ಫ್ರಿಜ್ಜು ಬಿಡಿ. ತುಕ್ರಣ್ಣನ ಹಬೆಯ ಮೆಷಿನಿಗೂ ಒಂದು ಲೈಟಿಗೂ ಸಾಕು. ಆದರೆ ಬ್ಯಾಟರಿ ಬೇಕೇ ಬೇಕು. ಉಸಿರು ತೀರಾ ಕಟ್ಟಿದರೆ ಮಾತ್ರ ಆಸ್ಪತ್ರೆಗೇ ಹೋಗಬೇಕು."

ಕೆಳಗೆ ಪಕ್ಕದ ತಮ್ಮ ಜಗಲಿಯಲ್ಲಿ ಕೂತಿದ್ದ ತುಕ್ರ ಇದನ್ನೆಲ್ಲ ಕೇಳುತ್ತಿದ್ದರು. "ನಾನು ಸಹಿ ಹಾಕಿ ಆಗಿದೆ," ಎಂದರು. ಉಸಿರು ತೆಗೆದುಕೊಂಡರು. "ಇನ್ನು ನನ್ನಿಂದ ಎಂತ ಆಗಬೇಕು?"

ಓದುತ್ತಿರುವ ಅಕ್ಕ ತಂಗಿಯರೇ, ನಿಮ್ಮ ಮನೆಯ ಮೇಲೆ ಸೋಲಾರ್ ಇದ್ದರೆ ಇವತ್ತೇ ನೋಡಿ. ಅದರ ಮೇಲೆ ಮೀನಾಗಲಿ, ಬಲೆಯಾಗಲಿ, ಹಪ್ಪಳವಾಗಲಿ ಬೇಡ, ಮರದ ನೆರಳೂ ಬೇಡ. ಇಲ್ಲದಿದ್ದರೆ, ಹಾಕಿಸುವ ಮೊದಲು ಕೇಳಿ: ಕರೆಂಟು ಹೋದಾಗ ನಡೆಯುತ್ತದೆಯೇ, ಕೆಟ್ಟರೆ ಯಾರು ಬರುತ್ತಾರೆ? ಬರುವವರು ನಿಮ್ಮ ಊರಿನ ಹುಡುಗಿಯರೇ ಆಗಿದ್ದರೆ ಅವರಿಗೂ ಊರಿನಲ್ಲೇ ಒಂದು ಕೆಲಸವಾಗುತ್ತದೆ. ನೋಡೋಣ, ನೋಡೋಣ ಎಂದು ಮಳೆ ಬರುವವರೆಗೆ ಕಾಯಬೇಡಿ.

ಆ ದಿನ ಹನ್ನೊಂದರ ಫೆರಿಗೆ ಹೇಮಾಕ್ಷಿ ಹತ್ತಿದರು. ಅಕ್ಕಿಯ ಹುಡಿ ಕೊಡವಿದ ಪತ್ರ ಕೈಯಲ್ಲಿತ್ತು. ಮಧ್ಯಾಹ್ನದ ಊಟಕ್ಕೆ ಮೊದಲು ಅದನ್ನು ವಿದ್ಯುತ್ ಕಚೇರಿಯ ಕಿಟಕಿಯೊಳಗೆ ಕೊಟ್ಟರು.