ಶೇಷಾದ್ರಿಗಳು ಮುಟ್ಟಿದ ಕಪ್ಪೆಚಿಪ್ಪು

ಎಂಜಲೆಂದರೆ ನಮ್ಮ ಶೇಷಾದ್ರಿಗಳಿಗೆ ಹಾವು ತುಳಿದಷ್ಟು ಭಯ. ಅಮೆರಿಕದ ಗೈದರ್ಸ್‌ಬರ್ಗಿನ ಪ್ರಯೋಗಾಲಯದಲ್ಲಿ ಆಯುಷ್ಯವೆಲ್ಲ ಪ್ರೋಟೀನು ಸೋಸಿದ ಆ ವಿಜ್ಞಾನಿ, ಇಂದು ಎಂಬ ತಮ್ಮ ಮಗಳು ಕಚ್ಚಿಟ್ಟ ಸೇಬನ್ನೂ ಮುಟ್ಟಿದವರಲ್ಲ. ಯಾರ ಮನೆಗೆ ಹೋದರೂ ಅವರ ಕಂದು ಕೋಟಿನ ಜೇಬಿನಲ್ಲಿ ಸ್ವಂತದ ಬೆಳ್ಳಿ ಲೋಟ ಉಬ್ಬಿಕೊಂಡಿರುತ್ತಿತ್ತು. ಕನ್ನಡಕವನ್ನು ಹಣೆಗೇರಿಸಿ, “ಇದ್ರಲ್ಲಿ ಏನೇನಿದೆ?” ಎಂದು ಕೇಳದೆ ತುತ್ತೆತ್ತುತ್ತಿರಲಿಲ್ಲ. ಲ್ಯಾನ್‌ಹ್ಯಾಮ್ ದೇವಸ್ಥಾನದ ಪುಳಿಯೋಗರೆಗೂ ಆ ವಿಚಾರಣೆ ತಪ್ಪಿದ್ದಲ್ಲ.

ಇಂಥವರ ಮಗಳು ಟೋರು ಎಂಬ ಜಪಾನಿ ಹುಡುಗನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳು. ಅಪ್ಪ ಒಪ್ಪದೆ ಮದುವೆಯಿಲ್ಲ ಎಂಬುದೂ ಅವಳದೇ ಹಟ. ತೊಂಬತ್ತಾರರ ಮಾರ್ಚಿನಲ್ಲಿ ಟೋರುವಿನ ತಾಯಿ ಮಿಚಿಕೊ, ತಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬವೆಂದು ಇವರನ್ನು ಊಟಕ್ಕೆ ಕರೆದರು. ಮಾತು ಕೆಟ್ಟರೆ ಸಂಭಾಳಿಸಲಿ ಎಂದು ಮಗಳು ಅಪ್ಪನ ಸ್ನೇಹಿತ ತ್ಯಾಗರಾಜರನ್ನೂ ಹೊರಡಿಸಿದ್ದಳು.

ಸಸ್ಯಾಹಾರಕ್ಕೆ ಕೋಳಿ, ಕುರಿ ಬಿಟ್ಟರೆ ಸಾಕೆಂದು ತಿಳಿದಿದ್ದ ಆ ಪುಣ್ಯಾತ್ಗಿತ್ತಿ ಎಲ್ಲರ ಮುಂದೂ ತಿಳಿಸಾರಿನ ಬಟ್ಟಲಿಟ್ಟರು. ಒಳಗೆ ಬಾಯಿ ತೆರೆದ ಕಪ್ಪೆಚಿಪ್ಪು! ತ್ಯಾಗರಾಜರು ಶೇಷಾದ್ರಿಗಳ ಕಡೆ ನೋಡಿದರು.

ಶೇಷಾದ್ರಿಗಳು ಕನ್ನಡಕ ಏರಿಸಿ ಮಾಮೂಲಿ ಪ್ರಶ್ನೆಯನ್ನೇ ಕೇಳಿದರು. ಇದು ಹಮಾಗುರಿ, ಇದರ ಎರಡು ಚಿಪ್ಪುಗಳು ಒಂದಕ್ಕೊಂದು ಮಾತ್ರ ಕೂಡುತ್ತವೆ, ಬೇರಾವ ಚಿಪ್ಪಿಗೂ ಹೊಂದುವುದಿಲ್ಲ, ಹುಡುಗಿಗೆ ಅಂಥ ಜೋಡಿಯೇ ಸಿಗಲೆಂದು ಈ ದಿನ ಈ ಸಾರು ಎಂದು ಮಿಚಿಕೊ ನಗುನಗುತ್ತ ವಿವರಿಸಿದರು.

ಶೇಷಾದ್ರಿಗಳು ಎದ್ದರು. ಕೆಟ್ಟಿತು ಕೆಲಸ, ಇನ್ನು ಹೊರಟೇಬಿಟ್ಟರು ಎಂದುಕೊಳ್ಳುವಷ್ಟರಲ್ಲಿ ಕೋಟು ಕಳಚಿ ತೋಳು ಮಡಿಸಿದರು. ಟೋರುವೂ ಅವನ ತಂದೆಯೂ ಆಗಲೇ ತಿಂದು ಬಿಟ್ಟಿದ್ದ ಚಿಪ್ಪುಗಳನ್ನು ಬರಿಗೈಯಲ್ಲಿ ಬಾಚಿಕೊಂಡು, ಜೋಡಿ ಬಿಡಿಸಿ, ಅದಕ್ಕಿದನ್ನು ಇದಕ್ಕದನ್ನು ಕೂಡಿಸಿ, ಬೆಳಕಿಗೆ ಹಿಡಿದು ಸಂದು ಹುಡುಕತೊಡಗಿದರು. ಎಂಜಲು! ಅದೂ ಎಂಥ ಎಂಜಲು!

ಕೊನೆಗೆ ಒಂದು ಜೋಡಿಯನ್ನು ಮುಚ್ಚಿ ಮಗಳ ಅಂಗೈಯಲ್ಲಿಟ್ಟರು.

“ಬೇರೆ ಯಾವುದೂ ಸೇರ್ತಾ ಇಲ್ಲ ಕಣಮ್ಮ. ನಾನೇ ಟ್ರೈ ಮಾಡಿ ನೋಡ್ದೆ. ಮದುವೆ ಮಾಡ್ಕೋ.”

“ಅಪ್ಪಾ, ಯುವರ್ ಹ್ಯಾಂಡ್ಸ್...” ಎಂದವಳು ಅತ್ತುಬಿಟ್ಟಳು.

ಕಟ್ಟುನಿಟ್ಟಿನವರನ್ನು ನಾವು ಕಲ್ಲೆಂದು ಆಡಿಕೊಳ್ಳುತ್ತೇವೆ. ಅಂಥವರು ವಾದಕ್ಕೂ ಕಣ್ಣೀರಿಗೂ ಜಗ್ಗುವವರಲ್ಲ, ನಿಜ. ಆದರೆ ಒಂದು ಮಾತು ಸತ್ಯವೆಂದು ಕೈಯಾರೆ ಕಂಡುಕೊಂಡ ಮೇಲೆ, ಜನ್ಮವಿಡೀ ಕಾಪಾಡಿಕೊಂಡು ಬಂದದ್ದನ್ನು ಅಲ್ಲೇ, ಎಲ್ಲರೆದುರಿಗೇ ಮುರಿದುಬಿಡುತ್ತಾರೆ. ಎಲ್ಲದಕ್ಕೂ ಬಗ್ಗಿಕೊಂಡೇ ಬಾಳಿದ ನಮ್ಮಂಥವರ ಬಳಿ, ಮಕ್ಕಳಿಗಾಗಿ ಮುರಿಯುವಂಥದ್ದು ಏನಿದೆ?